ರಾಯರ ನಾಲಿಗೆಯ ಲೆಕ್ಕ

ಈಗ ಎಲ್ಲೆಲ್ಲೂ ಚಾಪ್ಡ್ ಸಲಾಡ್. ಅಂದರೆ, ತರಕಾರಿಯನ್ನು ಕೋಸಂಬರಿಗಿಂತಲೂ ಸಣ್ಣಗೆ ಹೆಚ್ಚಿದ್ದು. ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ, ಅಷ್ಟು ಸಣ್ಣಗೆ.

ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಶೇಷಗಿರಿರಾಯರು ಅಡಿಗೆಯ ತುಂಗಮ್ಮನನ್ನು ಕರೆದರು. "ಪ್ರತಿ ಚಮಚದಲ್ಲೂ ಹನ್ನೆರಡು ತರಕಾರಿ ಇರಬೇಕು. ಒಂದು ತಪ್ಪಿದರೂ ನನ್ನ ನಾಲಿಗೆಗೆ ಗೊತ್ತಾಗುತ್ತೆ. ಆಮೇಲೆ ನೀನು ಕೆಲಸಕ್ಕೆ ಬರೋದೇ ಬೇಡ."

ಸಂಜೆ ಅತಿಥಿಗಳೆಲ್ಲ ಕೂತಿದ್ದರು. ತುಂಗಮ್ಮ ಮೊದಲ ಚಮಚ ರಾಯರಿಗೇ ಕೊಟ್ಟಳು. "ನಮ್ಮ ರಾಯರು ರುಚಿಯಲ್ಲೇ ತರಕಾರಿ ಎಣಿಸ್ತಾರೆ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ರಾಯರು ಕಣ್ಣು ಮುಚ್ಚಿ ಅಗಿದರು. "ಹನ್ನೆರಡೂ ಇವೆ!"

ಚಪ್ಪಾಳೆ ಬಿತ್ತು.

ತುಂಗಮ್ಮ ಅವರ ಕಿವಿಯ ಬಳಿ ಬಗ್ಗಿದಳು. "ನಾನು ಹಾಕಿದ್ದು ಏಳೇ, ರಾಯರೇ. ಇವರಿಗೆಲ್ಲ ಹೇಳಿಯೇ ಮನೆಗೆ ಹೊರಡಲಾ?"

ರಾಯರು ಕೆಮ್ಮಿದರು, ನೀರು ಕುಡಿದರು. ಆಮೇಲೆ ಮೆಲ್ಲಗೆ ತಟ್ಟೆ ಚಾಚಿದರು. "ಇನ್ನೊಂದು ಚೂರು ಬಡಿಸಮ್ಮ. ನಾಳೆ ಬೇಗ ಬಾ."