ಕಲಾಯಿಗಾರ ಕಟ್ಟಿದ ಕಾರು

"ಮೇಸ್ತ್ರಿ, ಈ ಎರಡರಲ್ಲಿ ಯಾವುದನ್ನು ಕೊಳ್ಳಲಿ?" ಎಂದು ಶಿಷ್ಯ ಓಬಳೇಶ ಕೇಳಿದ.

ಅವನ ಕೈಯಲ್ಲಿ ಎರಡು ಚಿತ್ರಗಳಿದ್ದವು. ಎರಡೂ ಕಿಟ್ ಕಾರುಗಳವು. ಕಿಟ್ ಕಾರೆಂದರೆ, ಬರಿ ಮೈಯನ್ನು ಅಂಗಡಿಯಿಂದ ತಂದು, ಇಂಜಿನ್ನು ಗಾಲಿಗಳನ್ನು ಯಾವುದಾದರೂ ಹಳೆಯ ಗಾಡಿಯಿಂದ ಬಿಚ್ಚಿ, ನಾವೇ ಜೋಡಿಸಿಕೊಳ್ಳುವ ಕಾರು. ಒಂದು ಚಿತ್ರದ ಕಾರು ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿತ್ತು. ಇನ್ನೊಂದು ಎತ್ತರವಾಗಿ, ಪೆಟ್ಟಿಗೆಯಂತಿತ್ತು.

"ಇದು ನನ್ನ ಮೊದಲನೆಯ ಕಾರು ಮೇಸ್ತ್ರಿ. ಕೂಡಿಟ್ಟದ್ದು ಒಂದಕ್ಕೆ ಸಾಕಾದರೆ ಅದೇ ಹೆಚ್ಚು. ಆರಿಸುವುದರಲ್ಲಿ ತಪ್ಪಿದರೆ ಇನ್ನೊಂದು ಕಟ್ಟುವುದು ಈ ಜನ್ಮದಲ್ಲಿ ಆಗುವುದಿಲ್ಲ. ನೀವೇ ಹೇಳಬೇಕು."

ಕೇಳಬೇಕಾದವನನ್ನೇ ಕೇಳಿದ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ನಾನು ಕೈಯಿಟ್ಟರೆ ಮಣ್ಣಿನಡಿ ಹೂತ ಇಂಜಿನ್ನೂ ಒಮ್ಮೆ ಕೆಮ್ಮುತ್ತದೆ. ಇದು ಜಂಬವಲ್ಲ, ಕಂಡವರು ಹೇಳುವ ಮಾತು. ಕಂಡವರಲ್ಲಿ ನಾನೂ ಒಬ್ಬ.

ನಾನು ಚಿತ್ರಗಳನ್ನು ನೋಡಲಿಲ್ಲ. "ಕೂತುಕೋ" ಎಂದೆ. ಅವನು ಶೆಡ್ಡಿನ ಬಾಗಿಲಲ್ಲಿ ಒಂದು ಟೈರಿನ ಮೇಲೆ ಕೂತ. ನಾನು ಹೇಳತೊಡಗಿದೆ.

ಒಂದು ಸೀಮೆಯಲ್ಲಿ ಒಬ್ಬ ಕಲಾಯಿಗಾರನಿದ್ದ. ಊರೂರಿಗೆ ಹೋಗಿ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವನ ಕೆಲಸ. ನೆಲದಲ್ಲಿ ಕುಳಿ ತೋಡುತ್ತಿದ್ದ. ಇದ್ದಿಲು ತುಂಬಿ, ಗಾಳಿ ಊದುವ ತೊಗಲಿನ ತಿದಿ ಒತ್ತುತ್ತಿದ್ದ. ಕಾದ ಪಾತ್ರೆಯೊಳಗೆ ಒಂದು ಚೂರು ತವರ ತೇಯ್ದು, ಅರಳೆಯಿಂದ ಒಂದು ಸುತ್ತು ಒರೆಸಿದರೆ ಸಾಕು, ಕಪ್ಪು ಪಾತ್ರೆಯೊಳಗೆ ಬೆಳದಿಂಗಳು ಹರಡಿಕೊಳ್ಳುತ್ತಿತ್ತು.

ಅವನಿಗೊಂದು ಹಳೆಯ ವ್ಯಾನಿತ್ತು. ನೋಡಲು ಏನೂ ಚೆನ್ನಾಗಿರಲಿಲ್ಲ. ಸದ್ದು ಮಾತ್ರ ದೊಡ್ಡದು. ಎಷ್ಟು ದೊಡ್ಡದೆಂದರೆ, ವ್ಯಾನು ಒಂದು ಊರು ಬಿಡುವಾಗಲೇ ಮುಂದಿನ ಊರಿನಲ್ಲಿ ಒಲೆಯ ಮೇಲಿನ ಮುಚ್ಚಳಗಳು ಕುಣಿಯುತ್ತಿದ್ದವು. ಮುಚ್ಚಳ ಕುಣಿದ ಕೂಡಲೇ ಹೆಂಗಸರು ಕಲಾಯಿ ಹೋದ ಪಾತ್ರೆಗಳನ್ನು ತಂದು ಹೊರಗಿಡುತ್ತಿದ್ದರು. ಅವನು ಒಂದು ದಿನವೂ 'ಕಲಾಯಿ' ಎಂದು ಬಾಯಿಬಿಟ್ಟು ಕೂಗಿದವನಲ್ಲ. ಕೂಗುವುದು ಹೇಗೆಂದೂ ಅವನಿಗೆ ಗೊತ್ತಿರಲಿಲ್ಲ.

ದಿನವೆಲ್ಲ ಬೇರೆಯವರ ಪಾತ್ರೆಗೆ ಹೊಳಪು ತರುವವನಿಗೆ, ತಾನು ಕೂತು ಹೋಗುವುದೂ ಹಾಗೆಯೇ ಹೊಳೆಯಬೇಕೆಂಬ ಆಸೆ ಹುಟ್ಟಿತು. ಅವನ ಕನಸಿನಲ್ಲಿ ಒಂದು ಕಾರು ಬರತೊಡಗಿತು. ಕನಸಿನ ಕಾರಿಗೆ ಗಾಲಿಗಳಿರಲಿಲ್ಲ. ಅದು ನೀರಿನ ಹಾಗೆ ತಾನೇ ಹರಿಯುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅವನ ಹಾಸಿಗೆ ಒಂದು ಗೇಣು ಮುಂದಕ್ಕೆ ಹೋಗಿರುತ್ತಿತ್ತು.

"ನಿಜವೇ ಮೇಸ್ತ್ರಿ?" ಎಂದ ಓಬಳೇಶ.

"ಕೊನೆಗೆ ಹೊಸ್ತಿಲು ಅಡ್ಡ ಬಂತು, ಅದಕ್ಕೇ ನಿಂತಿತು. ಇಲ್ಲದಿದ್ದರೆ ಅವನು ಕಾರು ಕಟ್ಟುವ ಕೆಲಸವೇ ಇರುತ್ತಿರಲಿಲ್ಲ. ಸುಮ್ಮನೆ ಕೇಳು" ಎಂದೆ.

ಪಟ್ಟಣದಲ್ಲಿ ಒಬ್ಬ ವ್ಯಾಪಾರಿ ಕಾರಿನ ಮೈಗಳನ್ನು ಮಾರುತ್ತಿದ್ದ. ಕಲಾಯಿಗಾರ ಅಲ್ಲಿಗೆ ಹೋದ. ಎಲ್ಲ ಭಾಗಗಳೂ ಹೊಸದಾಗಿರುವ ಕಾರು ಅವನ ಕೈಗೆ ಎಟುಕುವಂತಿರಲಿಲ್ಲ. ಬರಿ ಮೈ ಕೊಂಡರೆ, ತನ್ನ ವ್ಯಾನನ್ನೇ ಬಿಚ್ಚಿ ಅದರ ಇಂಜಿನ್ನು, ಗಾಲಿ, ಸ್ಟೇರಿಂಗುಗಳನ್ನು ಕೂರಿಸಿಕೊಳ್ಳಬಹುದಿತ್ತು. ಅವನ ಹಣಕ್ಕೆ ಬರುವ ಮೈಗಳು ಎರಡೇ. ಒಂದು ತಗ್ಗಿನದು, ಇಬ್ಬರು ಮಾತ್ರ ಕೂರುವಂಥದು. ಇನ್ನೊಂದು ಎತ್ತರದ್ದು.

"ನಿಮ್ಮದು ಏನು ಕೆಲಸ?" ಎಂದು ವ್ಯಾಪಾರಿ ಕೇಳಿದ.

"ಕಲಾಯಿ."

"ಹಾಗಾದರೆ ಎತ್ತರದ್ದು ತಗೊಳ್ಳಿ. ಹಿಂದೆ ಸಾಮಾನು ಹಿಡಿಯುತ್ತೆ. ಹಳ್ಳ, ದಿಣ್ಣೆ ಯಾವುದಕ್ಕೂ ಹೆದರಲ್ಲ."

"ಒಳ್ಳೇ ಡಬ್ಬಿ ಇದ್ದ ಹಾಗಿದೆಯಲ್ಲ ಸ್ವಾಮಿ."

"ದಿನಾ ಡಬ್ಬಿ ಹಿಡಿಯೋರಿಗೆ ಡಬ್ಬಿ ಕಂಡರೆ ಇಷ್ಟು ಮುನಿಸೇ?"

ಕಲಾಯಿಗಾರ ನಗಲಿಲ್ಲ. ಅವನು ತಗ್ಗಿನ ಕಾರಿನ ಮೈಮೇಲೆ ಬಗ್ಗಿದ್ದ. ಅದರಲ್ಲಿ ಅವನ ಮುಖ ಕಾಣುತ್ತಿತ್ತು. ಹಾಲಿನಲ್ಲಿ ತೇಲಿದಂತೆ ಕಾಣುತ್ತಿತ್ತು. ಅಷ್ಟು ಚಂದದ ಮುಖ ತನಗಿದೆಯೆಂದು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅವನು ಅದನ್ನೇ ಕೊಂಡ.

ವ್ಯಾನನ್ನು ಬಿಚ್ಚುವ ಮೊದಲು ಕೊನೆಯ ಸಲ ಊರುಗಳ ಸುತ್ತು ಹೋಗಿಬಂದ. ಹಳ್ಳದ ಆಚೆಯ ಊರಿನಲ್ಲಿ ಒಬ್ಬ ಹೆಂಗಸು ಅವನನ್ನು ನಿಲ್ಲಿಸಿದಳು. ಅವಳಿಗೆ ಗಂಡನಿರಲಿಲ್ಲ. ಮಗಳ ಮದುವೆ ಗೊತ್ತಾಗಿತ್ತು. ಅಡುಗೆಗೆ ಬೇಕಾದ ದೊಡ್ಡ ಕೊಳಗ, ಕೊಪ್ಪರಿಗೆಗಳನ್ನು ಮನೆಮನೆಯಿಂದ ಕೇಳಿ ತರಬೇಕಿತ್ತು. ಅವು ಕೈಗೆ ಸಿಗುವುದು ಮದುವೆಯ ಹಿಂದಿನ ದಿನವೇ. ಒಂದರಲ್ಲೂ ಕಲಾಯಿ ಉಳಿದಿರಲಿಲ್ಲ.

"ಅಣ್ಣಾ, ಆ ದಿನ ತಪ್ಪಿಸಬೇಡ. ಕಿಲುಬು ಹತ್ತಿದ ಹುಳಿ ಬಡಿಸಿದರೆ ಬೀಗರು ಎಲೆ ಬಿಟ್ಟು ಏಳ್ತಾರೆ. ನನ್ನ ಮಗಳು ಸಾಯೋವರೆಗೂ ಆ ಮಾತು ಕೇಳಬೇಕಾಗುತ್ತೆ" ಎಂದಳು.

"ನನ್ನ ಸದ್ದು ಕೇಳಿದ ಕೂಡಲೇ ಪಾತ್ರೆ ಹೊರಗಿಡಕ್ಕಾ" ಎಂದು ಅವನು ಮಾತು ಕೊಟ್ಟ.

ಮನೆಗೆ ಬಂದು ವ್ಯಾನನ್ನು ಬಿಚ್ಚಿದ. ಬಿಚ್ಚುವುದು ಯಾರಿಂದಲೂ ಆಗುತ್ತದೆ. ಕೂರಿಸುವುದು ಆಗಲಿಲ್ಲ. ಆಗ ನನ್ನನ್ನು ಹುಡುಕಿಕೊಂಡು ಬಂದ. ಆ ಸೀಮೆಯಲ್ಲಿ ಹುಡುಕಿಕೊಂಡು ಬರುವಂಥವನು ಆಗ ನಾನೊಬ್ಬನೇ ಇದ್ದೆ. ಈಗಲೂ ಅಷ್ಟೆ.

ಅಷ್ಟು ಒರಟು ಇಂಜಿನ್ನು ಅಷ್ಟು ನಯವಾದ ಮೈಯೊಳಗೆ ಹೋಗಲು ಒಪ್ಪಲಿಲ್ಲ. ನಾನು ಒಪ್ಪಿಸಿದೆ. ಅದರ ಬಾಯಿಗೆ ಒಂದು ಸೈಲೆನ್ಸರು ಕಟ್ಟಿದೆ. ಅಂಥ ಸೈಲೆನ್ಸರನ್ನು ಆಮೇಲೆ ನಾನೂ ಕಟ್ಟಿಲ್ಲ. ಚಾಲು ಮಾಡಿದರೆ ಚಾಲು ಆಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ತಿಳಿಯಲೆಂದು ಬಾನೆಟ್ಟಿನ ಮೇಲೆ ತುಂಬಿದ ಲೋಟ ಇಟ್ಟೆವು. ನೀರು ಅಲುಗಲಿಲ್ಲ. ಒಂದು ಪಾರಿವಾಳ ಬಂದು ಆ ನೀರು ಕುಡಿದು, ಅಲ್ಲೇ ತಲೆ ಹುದುಗಿಸಿ ನಿದ್ದೆ ಹೋಯಿತು.

ಮದುವೆಯ ಹಿಂದಿನ ದಿನ ಕಲಾಯಿಗಾರ ಆ ಕಾರಿನಲ್ಲಿ ಹೊರಟ. ಸಾಮಾನು ಇಡಲು ಜಾಗವಿರಲಿಲ್ಲ. ಇದ್ದಿಲಿನ ಚೀಲವನ್ನು ಕಾಲ ಬಳಿ ತುರುಕಿದ. ತಿದಿಯನ್ನು ಪಕ್ಕದ ಸೀಟಿನಲ್ಲಿ ನಿಲ್ಲಿಸಿದ. ಅಂಥ ಕಾರಿನಲ್ಲಿ ಮಸಿ ಹಿಡಿದ ತಿದಿ ಕಂಡರೆ ಜನ ಏನೆಂದಾರು? ಹೆಂಡತಿಯ ಹೊಸ ಸೀರೆಯೊಂದನ್ನು ಅದಕ್ಕೆ ತಲೆಯಿಂದ ಬುಡದವರೆಗೆ ಹೊದಿಸಿದ.

ಕಾರು ಹೊರಟಿತು. ಕಾರು ಹೋಗುತ್ತಿದೆಯೋ ದಾರಿ ಬರುತ್ತಿದೆಯೋ ಅವನಿಗೆ ತಿಳಿಯಲಿಲ್ಲ. ರಸ್ತೆಯಲ್ಲಿ ಮಲಗಿದ್ದ ಆಡುಗಳು ಏಳಲಿಲ್ಲ. ಅವನು ಸುತ್ತಿಕೊಂಡು ಹೋದ. ಆಡು ಕಾಯುವವನು ಕಣ್ಣು ಬಿಟ್ಟು ನೋಡಿ, ಕನಸೆಂದುಕೊಂಡು ಮತ್ತೆ ಮುಚ್ಚಿದ. ಕೆರೆಯ ಏರಿಯ ಮೇಲೆ ಕಾರು ಎಷ್ಟು ಹಗುರವಾಗಿ ಹೋಯಿತೆಂದರೆ, ಅದರ ನೆರಳು ಹಿಂದೆಯೇ ಉಳಿದುಬಿಟ್ಟಿತು. ಏರಿ ಇಳಿದು ಒಂದು ಕ್ಷಣ ನಿಂತು, ನೆರಳು ಬಂದು ಸೇರಿದ ಮೇಲೆ ಮುಂದೆ ಹೋಗಬೇಕಾಯಿತು. ಹಳ್ಳ ಬಂದಾಗ, ಮಲಗಿದ ಮಗುವನ್ನು ಎತ್ತಿ ದಾಟಿಸುವಂತೆ ದಾಟಿಸಿದ. ಒಂದು ಕಲ್ಲೂ ತಾಗಲಿಲ್ಲ. ಹೀಗೇ ಹೋಗುತ್ತಿದ್ದರೆ ಸಾಕು, ಯಾವ ಊರೂ ಬರದಿದ್ದರೂ ಸರಿ ಎಂದು ಅವನಿಗೆ ಅನ್ನಿಸಿತು.

ಆದರೆ ಊರು ಬಂತು. ಮದುವೆ ಮನೆಯ ಚಪ್ಪರದ ಮುಂದೆ ಕಾರು ನಿಲ್ಲಿಸಿದ. ಹೊರಗೆ ಒಂದು ಪಾತ್ರೆಯೂ ಇರಲಿಲ್ಲ. ಯಾರೂ ಬರಲಿಲ್ಲ.

ಆ ಹೆಂಗಸು ಹಿತ್ತಲಲ್ಲಿದ್ದಳು. ಸುತ್ತ ಕಪ್ಪು ಪಾತ್ರೆಗಳು. ಬೆಳಗಿನಿಂದ ಒಂದು ಕಿವಿಯನ್ನು ರಸ್ತೆಗೆ ಕೊಟ್ಟು ಕೂತಿದ್ದಳು. ಯಾರಾದರೂ ಕೆಮ್ಮಿದರೂ "ಷ್, ಸುಮ್ಮನಿರಿ" ಅನ್ನುತ್ತಿದ್ದಳು.

ಕಲಾಯಿಗಾರ ಕಾದ. ಕೂಗಬೇಕೆಂದುಕೊಂಡ. ಇಂಥ ಕಾರಿನಲ್ಲಿ ಕೂತು 'ಕಲಾಯಿ, ಕಲಾಯಿ' ಎಂದು ಕೂಗುವುದೇ? ನಾಚಿಕೆಯಾಯಿತು. ಆದರೂ ಬಾಯಿ ತೆರೆದ. ನಿದ್ದೆಯಲ್ಲಿ ಕೂಗಲು ಹೋದವನಿಗೆ ದನಿ ಬಾರದ ಹಾಗೆ, ಅವನಿಗೂ ಬರಲಿಲ್ಲ. ಇರಲಿ, ಕಾರು ಕಂಡರೆ ತಾವೇ ಬರುತ್ತಾರೆ ಎಂದು ಸುಮ್ಮನಾದ.

ಕಂಡವನು ಒಬ್ಬನೇ. ಪಕ್ಕದ ಜಗಲಿಯ ಮುದುಕ. ಅವನು ಕಾರನ್ನು ನೋಡಿದ, ಸೀರೆಯನ್ನು ನೋಡಿದ, ಬಿದ್ದು ಎದ್ದು ಮದುವೆ ಮನೆಯೊಳಗೆ ಓಡಿದ.

"ಏಯ್ ತಾಯಿ, ಬೀಗರು ಇವತ್ತೇ ಬಂದುಬಿಟ್ಟರು! ಏನು ಕಾರು, ಏನು ಕತೆ! ಪಕ್ಕದಲ್ಲಿ ಮುಸುಕು ಹಾಕ್ಕೊಂಡು ದಪ್ಪನೆಯ ಹೆಂಗಸು ಕೂತಿದ್ದಾಳೆ. ಅಲ್ಲಾಡೋದೇ ಇಲ್ಲ. ಗಂಡಿನ ಸೋದರತ್ತೆಯೇ ಸೈ. ಬಹಳ ಬಿಗುಮಾನ ಕಣಮ್ಮ!"

ಹೆಂಗಸು ದಡಬಡನೆ ಎದ್ದಳು. "ಕಲಾಯಿಯವನು ಇನ್ನೂ ಬಂದಿಲ್ಲ ಮಾವಾ. ಈ ಪಾತ್ರೆಗಳನ್ನು ಅವರು ನೋಡಿದರೆ ಮುಗೀತು. ಮೊದಲು ಬಾಗಿಲು ಹಾಕಿ" ಎಂದಳು.

ಮುದುಕ ಬಂದು, ಕಾರಿಗೊಮ್ಮೆ ಕೈ ಮುಗಿದು, ಬಾಗಿಲು ಹಾಕಿಕೊಂಡ.

ಕಲಾಯಿಗಾರನ ಮುಖ ಕಪ್ಪಿಟ್ಟಿತು. ಬೇರೆ ಯಾರನ್ನೋ ಕರೆಸಿದ್ದಾಳೆ, ಅದಕ್ಕೇ ಪಾತ್ರೆ ಹೊರಗಿಟ್ಟಿಲ್ಲ ಎಂದುಕೊಂಡ. ನನ್ನ ಮುಖದ ಮೇಲೇ ಬಾಗಿಲು ಹಾಕಿಸುತ್ತಾಳಲ್ಲ ಎಂದುಕೊಂಡ. ಕಾರು ತಿರುಗಿಸಿದ. ಒಳಗೆ ಆ ತಾಯಿ ಪಾತ್ರೆಗಳ ನಡುವೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮಾತು ಕೊಟ್ಟವನು ಕೈಬಿಟ್ಟ ಎಂದು ಅವಳು ಅಳುತ್ತಿದ್ದಳು. ಮಾತು ಉಳಿಸಿಕೊಂಡರೂ ಕೇಳುವವರಿಲ್ಲ ಎಂದು ಅವನು ಹಲ್ಲು ಕಡಿಯುತ್ತಿದ್ದ. ಇಬ್ಬರ ನಡುವೆ ಇದ್ದದ್ದು ಒಂದು ಮರದ ಬಾಗಿಲು.

ಕೋಪದಲ್ಲಿ ಕಾರನ್ನು ಹಳ್ಳಕ್ಕೆ ನುಗ್ಗಿಸಿದ. ಈ ಸಲ ಮಗುವನ್ನು ದಾಟಿಸಿದಂತೆ ದಾಟಿಸಲಿಲ್ಲ. ನಡುವೆ ಒಂದು ಬಂಡೆಯಿತ್ತು. ತಗ್ಗಿನ ಕಾರಿನ ಹೊಟ್ಟೆ ಅದರ ಮೇಲೆ ಕೂತಿತು. ಸೈಲೆನ್ಸರು ಕಿತ್ತುಹೋಯಿತು. ನಾನು ಕಟ್ಟಿದ್ದು ಸುಮ್ಮನೆ ಕಿತ್ತುಹೋಗುವಂಥದಲ್ಲ. ಆ ಬಂಡೆಯೂ ಎರಡು ಹೋಳಾಯಿತು. ಈಗಲೂ ಹೋಗಿ ನೋಡಬಹುದು, ದನಕರು ನಡುವೆ ನುಸುಳಿಕೊಂಡು ಹೋಗುತ್ತವೆ.

ಆಗ ಇಂಜಿನ್ನು ಬಾಯಿಬಿಟ್ಟಿತು.

ಇಷ್ಟು ದಿನ ಹಿಡಿದಿಟ್ಟ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟಿತು. ಹಳ್ಳದ ದಡದ ಮರಗಳಲ್ಲಿ ಮಾಗದ ಹಣ್ಣೂ ಉದುರಿತು. ಮದುವೆ ಮನೆಯ ಹಿತ್ತಲಲ್ಲಿ ಮುಚ್ಚಳಗಳು ಕುಣಿದವು. ಆ ತಾಯಿ ಸೆರಗು ಸರಿಸಿ ಎದ್ದಳು. "ನಮ್ಮ ಕಲಾಯಿಯವನು! ಬಂದ! ಬಂದ!" ಎಂದು ಬಾಗಿಲು ತೆರೆದು, ಕೈಗೆ ಸಿಕ್ಕ ಕೊಳಗವನ್ನು ತಲೆಯ ಮೇಲೆ ಹೊತ್ತು ಓಡಿದಳು. ಅವಳ ಹಿಂದೆ ಊರಿನ ಹೆಂಗಸರೆಲ್ಲ ಪಾತ್ರೆ ಹೊತ್ತು ಓಡಿದರು. ಮದುವಣಗಿತ್ತಿಯೂ ಅರಿಸಿನದ ಕೈಯಲ್ಲೇ ಒಂದು ತಪ್ಪಲೆ ಹಿಡಿದು ಓಡಿದಳು.

ಹಳ್ಳದಲ್ಲಿ ಆ ತಾಯಿ ಏದುಸಿರು ಬಿಡುತ್ತ ಕೇಳಿದಳು: "ಇಷ್ಟು ಹೊತ್ತು ಎಲ್ಲಿದ್ದೆ ಅಣ್ಣಾ?"

"ನಿನ್ನ ಬಾಗಿಲಲ್ಲೇ ಇದ್ದೆನಲ್ಲಕ್ಕಾ."

"ಸುಳ್ಳು. ನೀನು ಬಂದಿದ್ದರೆ ನನಗೆ ಕೇಳಿಸುತ್ತಿರಲಿಲ್ಲವೇ?"

ಕಲಾಯಿಗಾರ ಕಾರಿನ ಬಾಗಿಲು ತೆರೆದ. ಸೀರೆ ಎಳೆದು ತಿದಿಯನ್ನು ಹೊರಗೆ ತೆಗೆದ. ಹಿಂದೆಯೇ ಓಡಿಬಂದಿದ್ದ ಮುದುಕ "ಅಯ್ಯೋ, ಸೋದರತ್ತೆ!" ಎಂದು ಹಣೆ ಚಚ್ಚಿಕೊಂಡ. ಮರಳಿನಲ್ಲೇ ಕುಳಿ ತೋಡಿದರು. ತಿದಿ ಒತ್ತಲು ಹೆಂಗಸರೇ ನಿಂತರು. ಅವನು ಒಂದೊಂದೇ ಪಾತ್ರೆಗೆ ತವರ ಸವರಿ ಮರಳಿನ ಮೇಲೆ ಸಾಲಾಗಿ ಇಡುತ್ತ ಹೋದ. ಸಂಜೆಯ ಹೊತ್ತಿಗೆ ಹಳ್ಳದ ತುಂಬ ಬೆಳಕು ನಿಂತಿತ್ತು. ಚಂದ್ರ ಬಂದವನು ಬಗ್ಗಿ ನೋಡಿ, ಇಲ್ಲಿ ನನ್ನ ಕೆಲಸವಿಲ್ಲ ಎಂದು ಗುಡ್ಡದ ಹಿಂದೆಯೇ ಉಳಿದ. ಆ ಬೆಳಕಿನ ನಡುವೆ ಕಾರು ಬಂಡೆಯ ಮೇಲೆ ಮಲಗಿತ್ತು. ಅದರ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ಕಲಾಯಿಗಾರನೂ ನೋಡಲಿಲ್ಲ.

ಮರುದಿನ ಬೀಗರು ಹುಳಿಯನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ನಾನು ಕತೆ ನಿಲ್ಲಿಸಿದೆ. ಓಬಳೇಶ ತಗ್ಗಿನ ಕಾರಿನ ಚಿತ್ರವನ್ನು ಕೆಳಗಿಟ್ಟು, ಎತ್ತರದ್ದನ್ನು ಮುಂದೆ ಹಿಡಿದ.

"ಹಾಗಾದರೆ ಇದನ್ನೇ ತಗೊಳ್ಳಲೇ ಮೇಸ್ತ್ರಿ?"

"ಕಾರು ಎರಡು ತೋರಿಸಿದೆ ಮಗನೇ, ನಿನಗಾಗಿ ಕಾಯುವವರು ಯಾರೆಂದು ಹೇಳಲೇ ಇಲ್ಲವಲ್ಲ" ಎಂದೆ.