ಏಳು ಕಪ್ಪೆಗಳು ಮತ್ತು ಎರೆಹುಳದ ಪೆಟ್ಟಿಗೆ

ಗದಗಿನ ಒಂದು ಓಣಿಯಲ್ಲಿ ಇಂದುಮತಿ ಎಂಬ ನಿವೃತ್ತ ವಿಜ್ಞಾನ ಶಿಕ್ಷಕಿ ಇದ್ದರು. ಅವರ ಮನೆಯಲ್ಲಿ ಏಳು ಕಪ್ಪೆಗಳಿದ್ದವು. ಓಣಿಯ ಹಳೆಯ ಬಾವಿಯನ್ನು ಮಣ್ಣು ತುಂಬಿ ಮುಚ್ಚುವಾಗ ಬುಟ್ಟಿ ಇಳಿಬಿಟ್ಟು ಅವರೇ ಎತ್ತಿ ತಂದ ಕಪ್ಪೆಗಳು. ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಅವು ಮೂರು ವರ್ಷದಿಂದ ನೆಮ್ಮದಿಯಾಗಿದ್ದವು. ಅವುಗಳ ಊಟಕ್ಕೆಂದು ಟೀಚರ್ ಒಂದು ಮರದ ಪೆಟ್ಟಿಗೆಯಲ್ಲಿ ಎರೆಹುಳ ಸಾಕಿದ್ದರು.

ಒಂದು ಬೇಸಿಗೆಯಲ್ಲಿ ಟೀಚರ್ ಕಣ್ಣಿನ ಆಪರೇಷನ್‌ಗೆಂದು ಹುಬ್ಬಳ್ಳಿಗೆ ಹೊರಟರು. ಒಂದು ವಾರದ ಮಟ್ಟಿಗೆ ಕಪ್ಪೆಗಳನ್ನು ನೀಲವ್ವನಿಗೆ ಒಪ್ಪಿಸಿದರು. ನೀಲವ್ವ ಅವರ ಹಳೆಯ ವಿದ್ಯಾರ್ಥಿನಿ, ಪಕ್ಕದ ಮನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಟೀಚರ್ ಮೇಲೆ ಅವಳಿಗೆ ತುಂಬ ಭಕ್ತಿ.

"ಪೆಟ್ಟಿಗಿ ನೆರಳಾಗ ಇರಲಿ. ಮ್ಯಾಲಿನ ಗೋಣಿಚೀಲ ಒಣಗಬಾರದು. ಒಣ ಎಲಿ, ಕಾಯಿಪಲ್ಲೆ ಸಿಪ್ಪಿ ಅಷ್ಟ ಹಾಕು. ಉಪ್ಪು, ಹುಳಿ ಸೋಕಬಾರದು. ಏನರ ಆತಂದ್ರ ಫೋನ್ ಮಾಡು," ಎಂದರು ಟೀಚರ್.

"ಆತ್ರೀ ಟೀಚರ್. ನೀವೇನೂ ಚಿಂತಿ ಮಾಡಬ್ಯಾಡ್ರಿ," ಎಂದಳು ನೀಲವ್ವ.

ಎರಡು ದಿನ ಎಲ್ಲ ಸರಿಯಾಗಿತ್ತು. ಮೂರನೆಯ ದಿನ ನೀಲವ್ವನ ಮನೆಯಲ್ಲಿ ಚಿತ್ರಾನ್ನ ಉಳಿಯಿತು. ಚೆಲ್ಲಲು ಮನಸ್ಸಾಗಲಿಲ್ಲ. ಹುಳಗಳೂ ಒಂದು ದಿನ ಹೊಟ್ಟೆ ತುಂಬ ಉಣ್ಣಲಿ ಎಂದು ಎಲ್ಲವನ್ನೂ ಪೆಟ್ಟಿಗೆಗೆ ಸುರಿದಳು. ಮರುದಿನ ಬೆಳಿಗ್ಗೆ ಗೋಣಿಚೀಲ ಎತ್ತಿದರೆ ಗಬ್ಬು ವಾಸನೆ. ನಿಂಬೆಹುಳಿಗೂ ಉಪ್ಪಿಗೂ ಸಿಕ್ಕಿ ಹುಳಗಳೆಲ್ಲ ಮುದ್ದೆಯಾಗಿ ಸತ್ತಿದ್ದವು.

ನೀಲವ್ವ ಫೋನ್ ಕೈಗೆತ್ತಿಕೊಂಡಳು. ಟೀಚರ್‌ಗೆ ಹಿಂದಿನ ದಿನವಷ್ಟೇ ಆಪರೇಷನ್ ಆಗಿತ್ತು. 'ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವರಿಗೆ ಯಾಕೆ ತೊಂದರೆ?' ಎಂದು ತನಗೆ ತಾನೇ ಹೇಳಿಕೊಂಡು ಫೋನ್ ಕೆಳಗಿಟ್ಟಳು. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆಯಾಗಿತ್ತು.

ಕುರ್ಪಿ ಹಿಡಿದು ಹಿತ್ತಲು ಅಗೆದಳು. ನೆಲ ಕಲ್ಲಿನ ಹಾಗಿತ್ತು, ಒಂದು ಹುಳವೂ ಸಿಗಲಿಲ್ಲ. ತೊಟ್ಟಿಯ ಅಂಚಿಗೆ ಬಂದು ಕೂತ ಕಪ್ಪೆಗಳನ್ನು ನೋಡಿದರೆ ಹಸಿದು ಸತ್ತೇ ಹೋಗುತ್ತವೆ ಎನ್ನಿಸಿತು. ಡಬ್ಬಿ ಹಿಡಿದು ಬೀದಿಗಿಳಿದಳು. ಓಣಿಯ ಕೊನೆಯ ಉದ್ಯಾನದಲ್ಲಿ, ಒದ್ದೆ ಹುಲ್ಲಿನ ಮೇಲೆ, ಹಾಡುಹಗಲಲ್ಲೇ ಹತ್ತಾರು ಎರೆಹುಳಗಳು ಹೊರಳಾಡುತ್ತಿದ್ದವು! ಬಿಸಿಲಿಗೆ ಅಂಜುವ ಹುಳ ಹೀಗೇಕೆ ಮೇಲೆ ಬಂದಿದೆ ಎಂದು ಅವಳು ಯೋಚಿಸಲಿಲ್ಲ. ಡಬ್ಬಿ ತುಂಬಿಸಿಕೊಂಡು ಓಡಿ ಬಂದು ತೊಟ್ಟಿಯಂಚಿಗೆ ಒಂದೊಂದೇ ಹಾಕತೊಡಗಿದಳು. ಮೂರು ಕಪ್ಪೆಗಳು ಗಬಕ್ಕನೆ ನುಂಗಿದವು.

ಅಷ್ಟರಲ್ಲಿ, ಅವಳು ಹುಳ ಆರಿಸುವುದನ್ನು ದೂರದಿಂದ ಕಂಡಿದ್ದ ಉದ್ಯಾನದ ಮಾಲಿ ಫಕೀರಪ್ಪ ಬಾಗಿಲಿಗೆ ಬಂದ. "ಅಕ್ಕಾರ, ಆ ಹುಳ ಮುಟ್ಟಬ್ಯಾಡ್ರಿ. ಗೆದ್ದಲಿಗೆ ಅಂತ ಮುಂಜಾನೆ ಅಲ್ಲಿ ಔಷಧ ಹೊಡೆದೀನಿ. ಕೈ ಸಾಬೂನು ಹಚ್ಚಿ ತೊಳಕೋರಿ."

ನೀಲವ್ವ ತೊಟ್ಟಿಯ ಕಡೆ ತಿರುಗಿ ನೋಡಿದಳು. ನುಂಗಿದ ಕಪ್ಪೆಗಳಲ್ಲಿ ಒಂದರ ಹಿಂಗಾಲು ಆಗಲೇ ಸೆಟೆದು ಅದುರುತ್ತಿತ್ತು.

ಆ ಗಳಿಗೆಯಲ್ಲೂ ಅವಳ ಮನಸ್ಸು ಎರಡಾಯಿತು. ಕಪ್ಪೆಗಳು ಹುಳ ನುಂಗಿದ್ದನ್ನು ಯಾರೂ ನೋಡಿಲ್ಲ. ಬಿಸಿಲಿಗೆ ಸತ್ತವು ಎಂದರೆ ಟೀಚರ್ ನಂಬುತ್ತಾರೆ. ಕಪ್ಪೆ ಬಾಯಿ ತೆರೆಯಿತು, ಮುಚ್ಚಿತು. ನೀಲವ್ವ ಫೋನ್ ಹಚ್ಚಿದಳು. ಚಿತ್ರಾನ್ನದಿಂದ ಹಿಡಿದು ಔಷಧದ ತನಕ ಒಂದನ್ನೂ ಬಿಡದೆ ಹೇಳಿದಳು.

ಟೀಚರ್ ಬೈಯಲಿಲ್ಲ. "ಅಳೂದು ಆಮ್ಯಾಲೆ. ಮೊದಲ ಉಳಿದ ಹುಳ ತೆಗದುಹಾಕು. ನುಂಗಿದ ಮೂರನ್ನೂ ಬ್ಯಾರೆ ಬ್ಯಾರೆ ಬೋಗುಣಿಗೆ ಹಾಕು. ಕ್ಲೋರಿನ್ ಹಾಕಿದ ನಳದ ನೀರು ಬ್ಯಾಡ, ಕೊಡದಾಗ ಹಿಡಿದಿಟ್ಟ ಮಳಿ ನೀರು ಹಾಕು. ತಾಸಿಗೊಮ್ಮೆ ನೀರು ಬದಲಿಸು. ದನದ ಡಾಕ್ಟರಿಗೆ ನಾ ಈಗ ಫೋನ್ ಮಾಡ್ತೀನಿ."

ಸಂಜೆಯವರೆಗೆ ನೀಲವ್ವ ಬೋಗುಣಿಗಳ ಮುಂದಿನಿಂದ ಏಳಲಿಲ್ಲ. ಡಾಕ್ಟರ್ ಬಂದು ತಮ್ಮ ಕೈಲಾದಷ್ಟು ಮಾಡಿದರು. ಒಂದು ಕಪ್ಪೆ ನುಂಗಿದ್ದನ್ನು ಕಕ್ಕಿ ಚೇತರಿಸಿಕೊಂಡಿತು. ಇನ್ನೊಂದು ಹೊತ್ತು ಮುಳುಗುವ ಹೊತ್ತಿಗೆ ಮೆಲ್ಲಗೆ ಕಾಲು ಮಡಚಿ ಸರಿಯಾಗಿ ಕೂತಿತು. ಮೊದಲು ನಡುಗಿದ್ದು ಮಾತ್ರ ಉಳಿಯಲಿಲ್ಲ.

ವಾರ ತುಂಬಿದ ಮೇಲೆ ಟೀಚರ್ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ನೀಲವ್ವ ತಲೆ ತಗ್ಗಿಸಿ ನಿಂತಳು.

"ಟೀಚರ್, ಹುಳ ಸತ್ತದ್ದು ಕಂಡ ಕೂಡಲೆ ಹೇಳಿದ್ರ ಏನಾಗತಿತ್ತು?"

"ಹೇಳಿದ್ರ ಸುಮ್ಮನಿರು ಅಂತಿದ್ದೆ," ಎಂದರು ಟೀಚರ್. "ದೊಡ್ಡ ಕಪ್ಪಿ ನಾಕು ದಿನ ಉಣ್ಣದಿದ್ರೂ ಏನೂ ಆಗೂದಿಲ್ಲ. ನಾ ಬರೂತನಕ ಅವು ಆರಾಮ ಇರತಿದ್ದವು."

ನೀಲವ್ವನ ಕಣ್ಣು ತುಂಬಿ ಬಂತು. ಟೀಚರ್ ಅವಳ ಭುಜದ ಮೇಲೆ ಕೈಯಿಟ್ಟರು. "ಎರಡನೇ ಸಲಕ್ಕಾದ್ರೂ ನೀ ಫೋನ್ ಹಚ್ಚಿದಿ. ಅದಕ್ಕ ಇವತ್ತು ತೊಟ್ಟಿಯೊಳಗ ಆರು ಅದಾವ."

ನೀತಿ: ತಪ್ಪು ಎಲ್ಲರಿಂದಲೂ ಆಗುತ್ತದೆ. ಅದನ್ನು ಆದ ಕೂಡಲೇ ಹೇಳಿಬಿಟ್ಟರೆ ಅದು ಅಲ್ಲಿಗೇ ನಿಲ್ಲುತ್ತದೆ. ಹೆದರಿ ಮುಚ್ಚಿಟ್ಟರೆ ಇನ್ನೊಂದು ದೊಡ್ಡ ತಪ್ಪು ಮಾಡಿಸುತ್ತದೆ, ಮತ್ತು ಅದರ ನೋವನ್ನು ನಮ್ಮನ್ನು ನಂಬಿದ ಜೀವ ಉಣ್ಣಬೇಕಾಗುತ್ತದೆ.