ಗೋರ್ಗಿಯನು ಹೊಸ್ತಿಲಾಚೆ ನಿಂತ ಶುಕ್ರವಾರದ ವ್ರತ

ದೀಪದ ಕುಡಿ ಸರಿಮಾಡಿ, ಬೆಳಗಿನಿಂದ ಉಪವಾಸವಿದ್ದವರೆಲ್ಲ ಹತ್ತಿರ ಸರಿದು, ಯೇಸುಸ್ವಾಮಿಯನ್ನು ನೆನೆದು, ಈ ಕಥೆಯನ್ನು ಕಿವಿಗೊಟ್ಟು ಕೇಳಿರಿ.

ರೋಮಿನ ಚಕ್ರವರ್ತಿ ಆಳುತ್ತಿದ್ದ ಕಾಲದಲ್ಲಿ, ಮೂಡಣ ಸೀಮೆಯ ಒಂದು ಕಡಲ ಪಟ್ಟಣದಲ್ಲಿ ಗೋರ್ಗಿಯನೆಂಬ ಕಾವಲುಪಡೆಯ ನಾಯಕನಿದ್ದನು. ಯೇಸುಸ್ವಾಮಿಯನ್ನು ನಂಬಿದವರೆಂದರೆ ಅವನಿಗೆ ಮೈಯೆಲ್ಲ ಉರಿ. ಚಕ್ರವರ್ತಿಯ ವಿಗ್ರಹಕ್ಕೆ ಧೂಪ ಹಾಕದವರನ್ನು ಹುಡುಕಿ ಹುಡುಕಿ, ಉಣ್ಣುವ ಹೊತ್ತಿಗೇ ಬಾಗಿಲು ಒದ್ದು, ಕಲಸಿಟ್ಟ ಹಿಟ್ಟನ್ನು ತುಳಿದು, ಗಂಡಸರನ್ನು ಹಗ್ಗಕ್ಕೆ ಕಟ್ಟಿ ಗಣಿಗೆ ಅಟ್ಟುತ್ತಿದ್ದನು. ಹಾಗೆ ಎಳೆದೊಯ್ದವರಲ್ಲಿ ಬಟ್ಟೆಗೆ ಬಣ್ಣ ಹಾಕುವ ಥಿಯೋನನೂ ಒಬ್ಬ. ಅವನು ದಾರಿಯಲ್ಲೇ ಸತ್ತನೆಂಬ ಸುದ್ದಿಯಷ್ಟೇ ಹೆಂಡತಿ ಅಮ್ಮಿಯಾಳಿಗೆ ಬಂತು. ಹೆಣವೂ ಬರಲಿಲ್ಲ.

ಮುಂದೆ ಗೋರ್ಗಿಯನಿಗೆ ಕಾಲು ಹುಣ್ಣಾಗಿ, ಜ್ವರವೇರಿ, ನಾತಕ್ಕೆ ಅವನ ಪಡೆಯವರೇ ಹತ್ತಿರ ಸುಳಿಯದಾದರು. ಆಗ, ಹಿಂದೆ ಅವನಿಂದ ಚಾಟಿಯೇಟು ತಿಂದಿದ್ದ ಭಕ್ತರ ಸಭೆಯ ಹಿರಿಯ ಫಿಲೋನನು ಬಂದು, ಹುಣ್ಣು ತೊಳೆದು, ಗಂಜಿ ಕುಡಿಸಿ ಹೋದನು. ಮರುದಿನವೂ ಬಂದನು. ಗೋರ್ಗಿಯನ ಎದೆ ಒಡೆಯಿತು. ಯಾವ ಹೆಸರು ಹೇಳಿದವರನ್ನು ಕೊಂದನೋ ಆ ಹೆಸರನ್ನೇ ಕೂಗಿ ಅತ್ತು, ಚಾಕರಿ ಬಿಟ್ಟು, ದೀಕ್ಷಾಸ್ನಾನ ಪಡೆದನು.

ಇಷ್ಟಕ್ಕೇ ಕಥೆ ಮುಗಿಸಿ ಆಮೆನ್ ಎನ್ನುವವರಿದ್ದಾರೆ. ಅಂಥವರನ್ನು ಕಂಡರೆ ನನಗಾಗದು.

ದೀಕ್ಷೆಯಾದ ಮೇಲಿನ ಶುಕ್ರವಾರ ಸಭೆ ಕೂಡಿದಾಗ ಗೋರ್ಗಿಯನು ಮಡಿಬಟ್ಟೆಯುಟ್ಟು ಮುಂದಿನ ಸಾಲಿನಲ್ಲೇ ಕುಳಿತನು. ಯೇಸುಸ್ವಾಮಿಯ ನೆನಪಿಗೆ ರೊಟ್ಟಿ ಮುರಿದು ಹಂಚುವ ಮೊದಲು ಒಬ್ಬರ ಕೈ ಒಬ್ಬರು ಹಿಡಿದು ನಿನಗೆ ಸಮಾಧಾನವಾಗಲಿ ಎಂದು ಹರಸುವುದು ಅಲ್ಲಿಯ ಪದ್ಧತಿ. ಅವನು ಅಮ್ಮಿಯಾಳ ಮುಂದೆ ಕೈ ಚಾಚಿದನು. ಅವಳು ಕೈ ಕೊಡಲಿಲ್ಲ. ಕ್ಷಮಿಸಮ್ಮಾ, ಕ್ಷಮಿಸಮ್ಮಾ ಎಂದು ಸುತ್ತಲಿನವರು ಶುರುಮಾಡಿದರು. ಕಳೆದುಕೊಂಡವಳಿಗೇ ಬುದ್ಧಿ ಹೇಳಲು ಜನಕ್ಕೆ ಎಷ್ಟು ಅವಸರ!

ಅಮ್ಮಿಯಾ ಎದ್ದು, "ಇವನು ಒದ್ದದ್ದು ನನ್ನ ಬಾಗಿಲನ್ನು, ಕ್ಷಮೆ ಕೇಳಿದ್ದು ದೇವರನ್ನು. ದೇವರು ಕೊಟ್ಟಿರಬಹುದು, ನಾನು ಕೊಟ್ಟಿಲ್ಲ" ಎಂದಳು.

ಗೋರ್ಗಿಯನಿಗೆ ಹಳೆಯ ಸಿಟ್ಟು ನೆತ್ತಿಗೇರಿತು. ಆದರೆ ಫಿಲೋನನು ರೊಟ್ಟಿಯನ್ನು ಕೆಳಗಿಟ್ಟು ವ್ರತದ ವಿಧಿಯನ್ನು ಹೇಳಿದನು. ಶುಕ್ರವಾರ ಉಪವಾಸವಿದ್ದು, ನೋಯಿಸಿದವರ ಹೊಸ್ತಿಲಾಚೆ ನಿಂತು, ಕೂರದೆ, ನೆಪ ಹೇಳದೆ, ಅವರು ಸಾಕೆನ್ನುವವರೆಗೂ ಅವರ ಮಾತು ಕೇಳಬೇಕು. ಅವರು ಕೈಯಾರೆ ಕೊಟ್ಟ ದಿನವೇ ಸಭೆಯ ರೊಟ್ಟಿ.

ಗೋರ್ಗಿಯನು ಅಮ್ಮಿಯಾಳ ಹೊಸ್ತಿಲಾಚೆ ಹೋಗಿ ನಿಂತು, ನನಗೆ ಮೇಲಿನವರ ಅಪ್ಪಣೆಯಿತ್ತು ಎಂದನು. ಬಾಗಿಲು ಮುಖಕ್ಕೆ ಬಡಿಯಿತು. ಮುಂದಿನ ವಾರ, ನಾನೂ ಜ್ವರದಲ್ಲಿ ನರಳಿದೆ ಎಂದನು. ಅಮ್ಮಿಯಾ ಬಣ್ಣದ ಕೊಪ್ಪರಿಗೆಯ ಕೊಳೆನೀರನ್ನು ತಲೆಯ ಮೇಲೆ ಸುರಿದಳು. ದೇವರೇ ಒಪ್ಪಿದ ಮೇಲೆ ಇವಳದ್ದೇನು ಎಂದು ಹಲ್ಲು ಕಡಿದನು, ಊರೇ ಬಿಡುವೆನೆಂದು ಗಂಟು ಕಟ್ಟಿದನು. ಆದರೆ ಆ ರೊಟ್ಟಿಯ ಹಸಿವು ಬಿಡಲಿಲ್ಲ, ಗಂಟು ಬಿಚ್ಚಿದನು.

ಮತ್ತೊಂದು ಶುಕ್ರವಾರ ಬಾಯಿ ಮುಚ್ಚಿ ನಿಂತನು. ಅಮ್ಮಿಯಾ ಗಂಟಲು ಕಟ್ಟುವವರೆಗೂ ಬೈದಳು. ಕೊನೆಗೆ, "ಅವರು ಹೇಗೆ ಸತ್ತರು? ನೋಡಿದವರಲ್ಲಿ ಇಲ್ಲಿರುವವನು ನೀನೊಬ್ಬನೇ. ಹೇಳು" ಎಂದಳು.

ಇದನ್ನು ಅವನು ದೀಕ್ಷಾಸ್ನಾನದ ಹೊತ್ತಿನಲ್ಲೂ ಒಪ್ಪಿಕೊಂಡಿರಲಿಲ್ಲ. ಬಿಸಿಲಿಗೆ ಬಿದ್ದರು ಎಂದು ಹೇಳಿದ್ದರೆ ಅವಳು ನಂಬುತ್ತಿದ್ದಳು.

"ನೀರು ಕೇಳಿದರು. ನನ್ನ ತೊಗಲಿನ ಚೀಲದ ತುಂಬ ನೀರಿತ್ತು. ಅವರ ಕಣ್ಣೆದುರೇ ನೆಲಕ್ಕೆ ಸುರಿದು ನಕ್ಕೆ. ಆಮೇಲೆ ಅವರು ಏಳಲಿಲ್ಲ. ಗಣಿಯ ದಾರಿಯಲ್ಲಿ ಒಂಟಿ ಅಂಜೂರದ ಮರದ ಬುಡಕ್ಕೆ ಎಳೆದು, ಮೇಲೆ ಕಲ್ಲು ಹಾಕಿದೆ" ಎಂದನು.

ಅವಳ ಕೂಗಿಗೆ ಬೀದಿಯೇ ಬಂತು. ಎರಡೂ ಕೈಯಿಂದ ಅವನ ಎದೆಗೆ ಗುದ್ದಿದಳು, ಅವನು ಕೈ ಎತ್ತಲಿಲ್ಲ. ಬೆಳಗಾದ ಮೇಲೆ ಅವನೇ ಮುಂದೆ ನಡೆದು ಆ ಮರವನ್ನು ತೋರಿಸಿ, ಕಲ್ಲು ಸರಿಸಿ, ಮೂಳೆಗಳನ್ನು ಹೊತ್ತು ತಂದನು. ಸಭೆಯವರು ಕೀರ್ತನೆ ಹಾಡಿ ಮಣ್ಣು ಮಾಡಿದರು.

ಮರುವಾರ ಅಮ್ಮಿಯಾ ತಾನೇ ರೊಟ್ಟಿ ಮುರಿದು ಅವನ ಕೈಗಿಟ್ಟು, "ತಿನ್ನು. ನನ್ನ ಸಿಟ್ಟು ಹೋಗಿಲ್ಲ, ಮುಂದಿನ ವಾರವೂ ಇರುತ್ತದೆ. ಆದರೂ ಬಾ" ಎಂದಳು. ಗೋರ್ಗಿಯನು ಬದುಕಿರುವವರೆಗೂ ಒಂದು ವಾರವನ್ನೂ ತಪ್ಪಿಸಲಿಲ್ಲ.

ಗೋರ್ಗಿಯನಿಗೆ ರೊಟ್ಟಿಯೂ ಅಮ್ಮಿಯಾಳಿಗೆ ಗಂಡನ ಸಮಾಧಿಯೂ ದೊರೆತಂತೆ, ಇದನ್ನು ಓದಿದವರಿಗೂ ಕೇಳಿದವರಿಗೂ ಬೇಕಾದದ್ದು ದೊರೆಯಲಿ. ಆದರೆ ಯಾರ ಬಾಗಿಲಿಗೆ ಹೋಗಬೇಕೆಂದು ಗೊತ್ತಿದ್ದೂ ಇಲ್ಲೇ ಕುಳಿತು ಕಣ್ಣೊರೆಸಿಕೊಳ್ಳುವವರಿಗೆ ಯಾವ ಫಲವೂ ಇಲ್ಲ. ನಮ್ಮ ರೊಟ್ಟಿ ಇನ್ನೂ ಮುರಿದಿಲ್ಲ. ಎದ್ದು ಹೋಗಿ ಬನ್ನಿರಿ, ಕಾಯುತ್ತೇವೆ.